ಎಲ್ಲ ನೋಡ್‌ಗೂ ಜಿಪಿಎಸ್ ಬೇಡ: ಲೊಕೇಶನ್ ರೂಟಿಂಗ್ ಓಡಿಸಿದ ನನ್ನ ಅನುಭವ

ಪ್ರತಿ ನೋಡ್‌ಗೂ ಜಿಪಿಎಸ್ ಇಲ್ಲದೆ ಲೊಕೇಶನ್ (ಜಿಯೋಗ್ರಾಫಿಕ್) ರೂಟಿಂಗ್, ಅಂದರೆ ಜಾಗ ನೋಡಿ ಪ್ಯಾಕೆಟ್ (ಸಂದೇಶದ ತುಂಡು) ಮುಂದಕ್ಕೆ ಕಳಿಸುವುದು, ಆಗುತ್ತದಾ? ಮೊದಲೇ ಹೇಳಿಬಿಡುತ್ತೇನೆ, ಆಯ್ತು. ಮರಗಳಿಗೆ ಕಟ್ಟಿದ ಸುಮಾರು ತೊಂಬತ್ತು ನೋಡ್‌ಗಳ (ಸೆಲ್ ಮೇಲೆ ಓಡುವ ಪುಟ್ಟ ರೇಡಿಯೋ ಬೋರ್ಡ್‌ಗಳು) ನೆಟ್‌ವರ್ಕ್. ಜಿಪಿಎಸ್ ಇರುವುದು ಅದರಲ್ಲಿ ಏಳೆಂಟಕ್ಕೆ ಮಾತ್ರ. ಉಳಿದವಕ್ಕೆ ತಮ್ಮ ಜಾಗ ಎಂಟು-ಹತ್ತು ಮೀಟರ್ ಆಚೀಚೆ ಅಷ್ಟೇ ಗೊತ್ತು. ಪ್ಯಾಕೆಟ್‌ಗಳೆಲ್ಲ ಹೋಗಿ ಸೇರುವ ಗೇಟ್‌ವೇ ಒಂದೇ ಕಡೆ ನಿಂತಿರುವುದಿಲ್ಲ, ಓಡಾಡುವ ಗಾಡಿಯ ಮೇಲಿದೆ. ಆದರೂ ನೂರು ಪ್ಯಾಕೆಟ್‌ನಲ್ಲಿ ತೊಂಬತ್ತೈದರ ಮೇಲೆ ಗಾಡಿ ಮುಟ್ಟುತ್ತಿವೆ, ಅದೂ ಒಂದು ಮಳೆಗಾಲ ಪೂರ್ತಿ.

"ಇಷ್ಟು ತಪ್ಪಿರೋ ಪೊಸಿಷನ್ ಇಟ್ಕೊಂಡು ಜಿಯೋಗ್ರಾಫಿಕ್ ರೂಟಿಂಗ್ ಆಗಲ್ಲ, ಸುಮ್ನೆ ಆರ್‌ಪಿಎಲ್ ಹಾಕಿ" ಅಂದವರೇ ಜಾಸ್ತಿ. ಆರ್‌ಪಿಎಲ್ (ಗೇಟ್‌ವೇಯನ್ನು ಬೇರಾಗಿಟ್ಟು ದಾರಿಗಳ ಮರ ಕಟ್ಟುವ ರೂಟಿಂಗ್) ಕೆಟ್ಟದ್ದಲ್ಲ. ಆದರೆ ಗಾಡಿ ಜಾಗ ಬದಲಿಸಿದಾಗಲೆಲ್ಲ ಮರ ಮತ್ತೆ ಕಟ್ಟಿಕೊಳ್ಳಬೇಕು. ಕಟ್ಟಿ ಮುಗಿಯುವಷ್ಟರಲ್ಲಿ ಗಾಡಿ ಇನ್ನೆಲ್ಲೋ ಇರುತ್ತದೆ. ಜಾಗ ನೋಡಿ ಕಳಿಸುವುದಾದರೆ ಬದಲಾಗುವುದು ಗುರಿಯ ಜಾಗ ಹೇಳುವ ಎರಡು ಅಂಕಿ ಮಾತ್ರ.

ಇನ್ನು ದುಡ್ಡಿನ ವಿಷಯ. ಮೊದಲ ಲೆಕ್ಕದಲ್ಲಿ ಪ್ರತಿ ನೋಡ್‌ಗೂ ಜಿಪಿಎಸ್ ಇತ್ತು. ಆಂಟೆನಾ ಸೇರಿಸಿದರೆ ಅದೊಂದೇ ನೋಡ್‌ನ ಉಳಿದೆಲ್ಲ ಭಾಗಗಳಷ್ಟು ಖರ್ಚು. ಹಾಗಾಗಿ ಕೈಯಲ್ಲೊಂದು ಜಿಪಿಎಸ್ ಹಿಡಿದು ಸುತ್ತಿ, ಪ್ರತಿ ನೋಡ್‌ಗೂ ಜಾಗ ಬರೆದು ಕೂರಿಸಿದೆ. ಕೆಲವು ವಾರ ಚೆನ್ನಾಗಿತ್ತು. ಆಮೇಲೆ ಕೆಲಸದವರು ಅಡ್ಡ ಬಂತು ಅಂತ ನೋಡ್ ಬಿಚ್ಚಿ ಬೇರೆ ಮರಕ್ಕೆ ಕಟ್ಟಿದರು. ಹಳೆಯ ಜಾಗವನ್ನೇ ಸಾರುವ ನೋಡ್ ಇದೆಯಲ್ಲ, ಅದು ಸತ್ತ ನೋಡ್‌ಗಿಂತ ಅಪಾಯ. ಸತ್ತದ್ದನ್ನು ನೆರೆಯವರು ಬಿಟ್ಟುಬಿಡುತ್ತಾರೆ, ಇದನ್ನು ನಂಬಿ ಪ್ಯಾಕೆಟ್ ಕೊಡುತ್ತಾರೆ. ನೋಡ್ ತನ್ನ ಜಾಗವನ್ನು ತಾನೇ ಆಗಾಗ ಕಂಡುಕೊಳ್ಳಲೇಬೇಕು ಎಂದು ಆಗಲೇ ತೀರ್ಮಾನಿಸಿದ್ದು.

ಯುಡಬ್ಲ್ಯೂಬಿ (ಅಲೆ ಹೋಗಿ ಬರುವ ಸಮಯದಿಂದ ದೂರ ಅಳೆಯುವ ರೇಡಿಯೋ) ಕೂಡ ಬಿಡಲಿಲ್ಲ. ಕೆಲವು ಜೋಡಿ ತರಿಸಿದೆ, ಒಟ್ಟು ದುಡ್ಡಿನ ಕಾಲು ಭಾಗ ಅಲ್ಲೇ ಹೋಯಿತು. ರೇಡಿಯೋ ಅಲೆ ಒಂದು ನ್ಯಾನೋಸೆಕೆಂಡ್‌ಗೆ 30 ಸೆಂ.ಮೀ. ಹೋಗುತ್ತದೆ. ಎರಡು ಬೋರ್ಡ್‌ಗಳ ಗಡಿಯಾರದ ಕ್ರಿಸ್ಟಲ್‌ಗಳ ನಡುವೆ 20 ಪಿಪಿಎಂ (ಹತ್ತು ಲಕ್ಷಕ್ಕೆ 20) ವ್ಯತ್ಯಾಸ ಇದ್ದು, ಉತ್ತರ 1 ಮಿಲಿಸೆಕೆಂಡ್ ತಡವಾದರೆ, ಸಿಂಗಲ್-ಸೈಡೆಡ್ ರೇಂಜಿಂಗ್‌ನಲ್ಲಿ (ಒಂದೇ ಸಲ ಕೇಳಿ ಉತ್ತರ ಪಡೆದು ದೂರ ಅಳೆಯುವುದು) 3 ಮೀಟರ್ ತಪ್ಪುತ್ತದೆ. ಎರಡೂ ಕಡೆಯಿಂದ ಅಳೆಯುವ ಡಬಲ್-ಸೈಡೆಡ್ ಮಾಡಿದೆ, ತಪ್ಪು ಗೇಣುದ್ದಕ್ಕೆ ಇಳಿಯಿತು. ಬಯಲಲ್ಲಿ ಮಾತ್ರ! ನಡುವೆ ನಾಲ್ಕು ದಪ್ಪ ಕಾಂಡ, ಒದ್ದೆ ಎಲೆ ಬಂದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತಲೇ ಇರಲಿಲ್ಲ. ಮೇಲಾಗಿ ಆಲಿಸುವಾಗ ನೂರು ಮಿಲಿಆಂಪ್ ದಾಟುತ್ತದೆ. ನಮ್ಮ ಸಿಸಿ2420 ರೇಡಿಯೋ 18.8ರಲ್ಲಿ ಮುಗಿಸುತ್ತದೆ. ಆ ಬೋರ್ಡ್‌ಗಳನ್ನು ಈಗ ಅಳತೆ ಸರಿಯಿದೆಯಾ ನೋಡಲು ಮಾತ್ರ ಬಳಸುತ್ತೇನೆ.

ಆರ್‌ಎಸ್‌ಎಸ್‌ಐ, ಅಂದರೆ ಕೇಳಿಸಿದ ಸಿಗ್ನಲ್‌ನ ಬಲದಿಂದ ದೂರ ಊಹಿಸುವ ವಿಷಯ ಎರಡೇ ಮಾತು. ಪಾತ್-ಲಾಸ್ ಎಕ್ಸ್‌ಪೊನೆಂಟ್ (ದೂರ ಹೋದಂತೆ ಸಿಗ್ನಲ್ ಎಷ್ಟು ಬೇಗ ಕುಗ್ಗುತ್ತದೆ ಅನ್ನುವ ಅಂಕಿ) 3 ಅಂದುಕೊಳ್ಳಿ. ಮಳೆ ನಿಂತ ಮೇಲೆ ಸಿಗ್ನಲ್ 6 ಡಿಬಿ ಇಳಿದರೆ 20 ಮೀಟರ್ ದೂರದ ನೋಡ್ 32 ಮೀಟರ್‌ನಲ್ಲಿ ಕಾಣುತ್ತದೆ. ಆಂಟೆನಾ ಸ್ವಲ್ಪ ಓರೆಯಾದರೂ ಅಷ್ಟೇ ಏರುಪೇರು. ದೂರ ಅಳೆಯಲು ಅದನ್ನು ನಂಬುವುದು ಬಿಟ್ಟೆ.

ಕೊನೆಗೆ ಹಿಡಿದದ್ದು ಎಲ್ಲರೂ ಹಳೆಯದು ಅಂತ ಬದಿಗಿಟ್ಟಿರುವ ಡಿವಿ-ಹಾಪ್. ನಿಕುಲೆಸ್ಕು ಮತ್ತು ನಾಥ್ 2001ರಲ್ಲಿ ಕೊಟ್ಟದ್ದು. ಜಾಗ ಗೊತ್ತಿರುವ ನೋಡ್‌ವರೆಗೆ ಎಷ್ಟು ಹಾಪ್ (ನೋಡ್‌ನಿಂದ ನೋಡ್‌ಗೆ ಒಂದು ಜಿಗಿತ) ಎಂದು ಎಣಿಸು, ಸರಾಸರಿ ಹಾಪ್ ಉದ್ದದಿಂದ ಗುಣಿಸಿ ದೂರ ತೆಗೆ, ಅಷ್ಟೇ. ಹಾಗೇ ಹಾಕಿದಾಗ ತಪ್ಪು ಇಪ್ಪತ್ತೈದು ಮೀಟರ್ ಹತ್ತಿರ ಇತ್ತು, ಕೆಲವು ನೋಡ್‌ಗಳು ಲೆಕ್ಕದ ಪ್ರಕಾರ ನಡುವಿನ ಕೆರೆಯೊಳಗೆ ಬಿದ್ದಿದ್ದವು. ಕಾರಣವೂ ಆ ಕೆರೆಯೇ. ಆಚೆ ದಡದ ಆಂಕರ್‌ನಿಂದ (ಜಿಪಿಎಸ್ ಇರುವ ನೋಡ್) ಬರುವ ಬೀಕನ್ (ತನ್ನ ಜಾಗ ಸಾರುವ ಸಂದೇಶ) ಕೆರೆ ಬಳಸಿಕೊಂಡು ಬರುತ್ತದೆ, ಹಾಪ್ ಸುಮ್ನೆ ಏರುತ್ತದೆ. ಒಂದು ಜೋಡಿ ಆಂಕರ್‌ಗಳ ನಡುವೆ 120 ಮೀಟರ್, 4 ಹಾಪ್. ಅಂದರೆ ಹಾಪ್‌ಗೆ 30. ಇನ್ನೊಂದು ಜೋಡಿಗೂ ಅಷ್ಟೇ ದೂರ, ಆದರೆ 9 ಹಾಪ್. ಹಾಪ್‌ಗೆ ಹದಿಮೂರೂ ಚಿಲ್ಲರೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಎರಡೂ ಕಡೆ ಕೆಡುತ್ತದೆ ಅಲ್ವಾ?

ಹಾಗಾಗಿ ಸರಾಸರಿ ಬಿಟ್ಟೆ. ಆಂಕರ್‌ಗಳಿಗೆ ತಮ್ಮ ನಿಜವಾದ ಜಾಗ ಗೊತ್ತು. ಯಾವ ಜೋಡಿಯ ಹಾಪ್ ಉದ್ದ ಉಳಿದವಕ್ಕಿಂತ ತೀರಾ ಗಿಡ್ಡವೋ ಆ ದಾರಿ ಡೊಂಕು. ಆ ಜೋಡಿಗೆ ಗುರುತು ಹಾಕಿ ಬೀಕನ್‌ನಲ್ಲೇ ಕಳಿಸುತ್ತೇನೆ. ಒಂದು ಆಂಕರ್‌ಗೆ ಹತ್ತಿರವಿರುವ ನೋಡ್, ಆ ಆಂಕರ್ ಡೊಂಕು ಅಂದ ಇನ್ನೊಂದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಉಳಿದವುಗಳಲ್ಲಿ ಹತ್ತಿರದ ಮೂರೋ ನಾಲ್ಕೋ ಸಾಕು. ಆದರೆ ಅವು ಒಂದೇ ಸಾಲಿನಲ್ಲಿ ಇರಬಾರದು. ಸಾಲಿನಲ್ಲಿದ್ದರೆ ನೋಡ್ ಗೆರೆಯ ಈಚೆಗೋ ಆಚೆಗೋ ತಿಳಿಯದೆ ಮಗುಚಿಕೊಳ್ಳುತ್ತದೆ. ಬೇಲಿ ಉದ್ದಕ್ಕೂ ಆಂಕರ್ ಇಡುವ ಆಸೆ ಎಲ್ಲರಿಗೂ ಬರುತ್ತದೆ, ಇಡಬೇಡಿ.

ತಪ್ಪನ್ನು ನಿಜವಾಗಿ ಇಳಿಸಿದ್ದು ಮುರುಕು ಹಾಪ್. ಒಂದು ಹಾಪ್ ಅಂದರೆ ಐದು ಮೀಟರೂ ಆಗಬಹುದು, ಮೂವತ್ತೂ ಆಗಬಹುದು. ಅದನ್ನು ಬೇರ್ಪಡಿಸಲು ಹೊಸ ಹಾರ್ಡ್‌ವೇರ್ ಬೇಡ, ನೆರೆಯವರ ಪಟ್ಟಿ ಸಾಕು. ಇಬ್ಬರಿಗೂ ಹತ್ತತ್ತು ನೆರೆಯವರಿದ್ದು ಎಂಟು ಜನ ಒಂದೇ ಆಗಿದ್ದರೆ ಇಬ್ಬರೂ ಅಕ್ಕಪಕ್ಕ. ಎರಡೇ ಒಂದೇ ಆಗಿದ್ದರೆ ರೇಡಿಯೋ ತಲುಪುವ ಅಂಚಿನಲ್ಲಿದ್ದಾರೆ. ಮೊದಲನೆಯದಕ್ಕೆ 0.3 ಹಾಪ್, ಎರಡನೆಯದಕ್ಕೆ 0.9, ಹೀಗೆ ಎಣಿಸುತ್ತೇನೆ. ತಪ್ಪು ಹತ್ತರ ಆಸುಪಾಸಿಗೆ ಇಳಿದದ್ದು ಇದರಿಂದಲೇ. ನೋಡ್‌ಗೆ ಎಂಟಕ್ಕಿಂತ ಕಡಿಮೆ ನೆರೆಯವರಿದ್ದರೆ ಇದು ಕೈಕೊಡುತ್ತದೆ, ಅಲ್ಲಿ ನಾನು ಪೂರ್ಣ ಹಾಪ್ ಅನ್ನೇ ಬಳಸುತ್ತೇನೆ. ಹೋಲಿಕೆಯಿಂದ ಹಾಪ್‌ಗೆ ಹೋಗುವ ವಕ್ರರೇಖೆ ಇಲ್ಲಿ ಕೊಡುತ್ತಿಲ್ಲ. ಅದಕ್ಕೆ ತುಂಬಾ ಬೆವರು ಸುರಿಸಿದ್ದೇನೆ.

ಇನ್ನು ರೂಟಿಂಗ್. ಕಾರ್ಪ್ ಮತ್ತು ಕುಂಗ್ 2000ದಲ್ಲಿ ಬರೆದ ಜಿಪಿಎಸ್‌ಆರ್ ಎಲ್ಲರಿಗೂ ಗೊತ್ತು. ಗುರಿಗೆ ಅತಿ ಹತ್ತಿರದ ನೆರೆಯವನಿಗೆ ಕೊಡು, ಮುಂದೆ ಯಾರೂ ಇಲ್ಲದೆ ಸಿಕ್ಕಿಬಿದ್ದರೆ ಪೆರಿಮೀಟರ್ ಮೋಡ್, ಅಂದರೆ ಖಾಲಿ ಜಾಗದ ಅಂಚು ಹಿಡಿದು ಸುತ್ತು. ಕಾಗದದ ಮೇಲೆ ಚೆಂದ. ಮಣ್ಣಿನ ಮೇಲೆ ಎರಡೂ ಮುರಿದವು. ಗುರಿಗೆ ಅತಿ ಹತ್ತಿರ ಇರುವವನು ನನ್ನಿಂದ ಅತಿ ದೂರ ಇರುವವನೇ ತಾನೇ? ಅವನ ಲಿಂಕ್ ಅತಿ ಬಡಕಲು. ಹಾಗಾಗಿ ಎಷ್ಟು ಮುಂದಿದ್ದಾನೆ ಅನ್ನುವುದನ್ನು ಎಷ್ಟು ಪಾಲು ಕೇಳಿಸಿಕೊಳ್ಳುತ್ತಾನೆ ಅನ್ನುವುದರಿಂದ ಗುಣಿಸಿದೆ. 40 ಮೀಟರ್ ಮುಂದಿರುವ, ಹತ್ತರಲ್ಲಿ ಮೂರು ಸಲ ಮಾತ್ರ ಕೇಳಿಸಿಕೊಳ್ಳುವ ನೆರೆಯವನ ಬೆಲೆ 12 ಮೀಟರ್. 25 ಮುಂದಿದ್ದು ಒಂಬತ್ತು ಸಲ ಕೇಳಿಸಿಕೊಳ್ಳುವವನದು 22.5. ಎರಡನೆಯವನಿಗೇ ಕೊಡಬೇಕು. ನಮ್ಮ ರೇಡಿಯೋ ಪೂರ್ಣ ಶಕ್ತಿಯಲ್ಲಿ ಕಳಿಸಲು 17.4 ಮಿಲಿಆಂಪ್ ತಗೊಳ್ಳುತ್ತದೆ, ಆಲಿಸಲು ಅದಕ್ಕಿಂತ ಜಾಸ್ತಿ. ಹಾಗಾಗಿ ಶಕ್ತಿ ಇಳಿಸಿ ಉಳಿಸುವುದು ಅಷ್ಟಕ್ಕಷ್ಟೇ. ಮತ್ತೆ ಮತ್ತೆ ಕಳಿಸುವುದನ್ನು ತಪ್ಪಿಸಿದರೆ ಮಾತ್ರ ಸೆಲ್ ಉಳಿಯುತ್ತದೆ. ಈ ಗುಣಾಕಾರ ಹಾಕಿದ ಮೇಲೆ ಸೆಲ್ ಬದಲಿಸುವ ಓಡಾಟ ಅರ್ಧಕ್ಕೆ ಇಳಿಯಿತು. ನನ್ನ ಖರ್ಚಿನಲ್ಲಿ ದೊಡ್ಡ ಪಾಲು ಅದೇ ಆಗಿತ್ತು.

ಪೆರಿಮೀಟರ್ ಮೋಡ್‌ಗೆ ಗೆರೆಗಳು ಒಂದನ್ನೊಂದು ದಾಟದ ನಕ್ಷೆ ಬೇಕು, ಗೇಬ್ರಿಯಲ್ ಗ್ರಾಫ್ ಅಂಥದ್ದು. ಎರಡು ನೋಡ್‌ಗಳ ನಡುವಿನ ಗೆರೆಯನ್ನೇ ವ್ಯಾಸ ಮಾಡಿಕೊಂಡ ವೃತ್ತದೊಳಗೆ ಮೂರನೆಯವನಿದ್ದರೆ ಆ ಗೆರೆ ಅಳಿಸು ಅನ್ನುವ ನಿಯಮ. ಆ ಮೂರನೆಯವನ ಜಾಗ ಹತ್ತು ಮೀಟರ್ ತಪ್ಪಿದ್ದರೆ, ಬೇಕಾದ ಗೆರೆಯೇ ಅಳಿಯುತ್ತದೆ. ಕೆರೆಯ ಸುತ್ತ ಪ್ಯಾಕೆಟ್‌ಗಳು ಟಿಟಿಎಲ್ (ಇಷ್ಟು ಹಾಪ್ ಆದ ಮೇಲೆ ಬಿಟ್ಟುಬಿಡು ಅನ್ನುವ ಮಿತಿ) ಮುಗಿಯುವವರೆಗೂ ಪ್ರದಕ್ಷಿಣೆ ಹಾಕಿದ್ದನ್ನು ಲಾಗ್‌ನಲ್ಲಿ ನೋಡಿದ್ದೇನೆ. ಜನ ಆಗಲ್ಲ ಅಂದಿದ್ದು ಇದಕ್ಕೇ, ಅಷ್ಟರಮಟ್ಟಿಗೆ ಅವರ ಮಾತು ನಿಜ.

ನಾನು ಆ ಮೋಡ್ ಅನ್ನೇ ಕಿತ್ತುಹಾಕಿದೆ. ಬದಲಿಗೆ ಎರಡು ಕೆಲಸ. ಒಂದು, ಪ್ರತಿ ನೋಡ್ ತನ್ನ ಜಾಗದ ಜೊತೆ ಎಷ್ಟು ತಪ್ಪಿರಬಹುದು ಅನ್ನುವುದನ್ನೂ ಒಂದು ಬೈಟ್‌ನಲ್ಲಿ ಹೇಳುತ್ತದೆ. ಅದು ಜಾಗ ಕಂಡುಹಿಡಿಯುವ ಲೀಸ್ಟ್ ಸ್ಕ್ವೇರ್ಸ್ ಲೆಕ್ಕದಲ್ಲಿ ಹೊಂದದೆ ಉಳಿದ ವ್ಯತ್ಯಾಸದಿಂದ (ರೆಸಿಡ್ಯುಯಲ್) ಬರುತ್ತದೆ. ಮುಂದೆ ಹೋದಂತೆ ಕಾಣುವ ದೂರ ಇಬ್ಬರ ತಪ್ಪಿನ ಮೊತ್ತಕ್ಕಿಂತ ಕಡಿಮೆಯಿದ್ದರೆ ಅದನ್ನು ಮುಂದೆ ಹೋದದ್ದು ಅಂತ ಎಣಿಸುವುದಿಲ್ಲ, ಲಿಂಕ್ ಗುಣ ನೋಡಿ ಆರಿಸುತ್ತದೆ. ಎರಡು, ಸಿಕ್ಕಿಬಿದ್ದ ನೋಡ್ ಪ್ಯಾಕೆಟ್ ಹಿಂದಕ್ಕೆ ಕೊಟ್ಟು, ತಾನು ಗುರಿಯಿಂದ ಇನ್ನೂ ದೂರ ಇದ್ದೇನೆ ಅಂತ ನೆರೆಯವರಿಗೆ ಹೇಳುತ್ತದೆ. ಕೆಲವೇ ಪ್ಯಾಕೆಟ್‌ಗಳಲ್ಲಿ ಕೆರೆ ದಡದ ಮೂಲೆಗಳು ತಾವಾಗೇ ಮುಚ್ಚಿಕೊಳ್ಳುತ್ತವೆ. ಗಾಡಿ ದಿಕ್ಕು ಬದಲಿಸಿದಾಗ, ದಂಡವಾಗಿ ಸೇರಿಸಿಕೊಂಡ ಆ ಹೆಚ್ಚುವರಿ ದೂರ ಎಷ್ಟು ಬೇಗ ಕರಗಬೇಕು ಅನ್ನುವುದರಲ್ಲೇ ಜೀವ ಇದೆ. ಆ ಅಂಕಿ ನನ್ನ ಹತ್ತಿರವೇ ಇರಲಿ.

ಗಾಡಿಯ ಕಡೆ ಒಂದು ತಿದ್ದುಪಡಿ. ಗಂಟೆಗೆ 15 ಕಿ.ಮೀ. ಅಂದರೆ ಸೆಕೆಂಡ್‌ಗೆ 4 ಮೀಟರ್. ನಿದ್ದೆ ಮಾಡುತ್ತಾ ಏಳುವ ನೋಡ್‌ಗಳ ಮೂಲಕ ಪ್ಯಾಕೆಟ್ ಬರಲು ಹತ್ತು ಸೆಕೆಂಡ್ ಹಿಡಿದರೆ ಗಾಡಿ 40 ಮೀಟರ್ ಮುಂದೆ. ಹಾಗಾಗಿ ಗಾಡಿ ಈಗ ತಾನಿರುವ ಜಾಗ ಹೇಳುವುದಿಲ್ಲ, ಮುಂದೆ ಇರಲಿರುವ ಜಾಗ ಹೇಳುತ್ತದೆ.

ಇದೇ ಕೋಡ್ ರಸ್ತೆಯ ಗಾಡಿಗಳಿಗೆ ಹೇಗಿರುತ್ತದೆ ಎಂಬ ಕುತೂಹಲಕ್ಕೆ ಸುಮೋ (ರಸ್ತೆ ಸಂಚಾರ) ಮತ್ತು ವೇನ್ಸ್ (ಗಾಡಿಗಳ ನಡುವಿನ ನೆಟ್‌ವರ್ಕ್) ಎಂಬ ಸಿಮ್ಯುಲೇಟರ್‌ಗಳಲ್ಲಿ ಓಡಿಸಿದೆ. ನೆರೆಯವರ ಪಟ್ಟಿಯೇ ಕುತ್ತಿಗೆಗೆ ಬಂತು. 60 ಕಿ.ಮೀ. ವೇಗದಲ್ಲಿ ಎದುರುಬದುರು ಬರುವ ಎರಡು ಕಾರುಗಳ ನಡುವಿನ ದೂರ ಸೆಕೆಂಡ್‌ಗೆ 33 ಮೀಟರ್ ಬದಲಾಗುತ್ತದೆ. ಪಟ್ಟಿಯಲ್ಲಿ ಅತಿ ದೂರದವನು ಆಗಲೇ ಹೋಗಿರುತ್ತಾನೆ. ಅಲ್ಲಿ ಪಟ್ಟಿ ಬಿಟ್ಟು ಕಂಟೆನ್ಷನ್ ಫಾರ್ವರ್ಡಿಂಗ್ ಹಾಕಿದೆ. ಕೇಳಿಸಿಕೊಂಡ ಎಲ್ಲರೂ ಟೈಮರ್ ಇಡುತ್ತಾರೆ, ಗುರಿಗೆ ಹತ್ತಿರದವನ ಟೈಮರ್ ಮೊದಲು ಮುಗಿಯುತ್ತದೆ, ಅವನು ಕಳಿಸಿದ್ದು ಕೇಳಿ ಉಳಿದವರು ಸುಮ್ಮನಾಗುತ್ತಾರೆ. ಸಿಮ್ಯುಲೇಟರ್‌ನಲ್ಲಿ ಜಿಪಿಎಸ್ ತಪ್ಪನ್ನು ಬಿಳಿ ನಾಯ್ಸ್ (ಹಿಂದಿನದಕ್ಕೆ ಸಂಬಂಧವಿಲ್ಲದೆ ಪ್ರತಿ ಸಲ ಬದಲಾಗುವ ತಪ್ಪು) ಅಂತ ಸೇರಿಸಬೇಡಿ. ನಿಜವಾದ ತಪ್ಪು ನಿಧಾನಕ್ಕೆ ಸರಿಯುತ್ತದೆ. ಬಯಲಲ್ಲಿ ಅಕ್ಕಪಕ್ಕದ ಕಾರುಗಳ ತಪ್ಪಿನ ದೊಡ್ಡ ಪಾಲು ಒಂದೇ ಕಡೆಗಿರುತ್ತದೆ, ಹಾಗಾಗಿ ಯಾರು ಮುಂದೆ ಅನ್ನುವುದು ಅಷ್ಟೇನೂ ಕೆಡುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಮಾತ್ರ ಈ ಅನುಕೂಲ ಇಲ್ಲ.

ತೊಡಕು ಉಳಿದಿರುವುದು ರಸ್ತೆ ಕೂಡುವ ಕಡೆ. ಕಾರುಗಳು ಮಾತಾಡಲು ಬಳಸುವ 5.9 ಗಿಗಾಹರ್ಟ್ಸ್ ಅಲೆ ಕಟ್ಟಡದ ಮೂಲೆ ಸುತ್ತಿ ಬರುವುದು ಕಷ್ಟ. ಕೂಡುರಸ್ತೆಯ ನಡುವೆ ಇರುವ ಕಾರಿನ ಟೈಮರ್ ಗಿಡ್ಡ ಮಾಡಿದರೆ ಪ್ಯಾಕೆಟ್ ತಿರುಗುತ್ತದೆ, ಆದರೆ ಅಲ್ಲಿ ಕಾರೇ ಇಲ್ಲದ ಹೊತ್ತಿಗೆ ಬಿದ್ದುಹೋಗುತ್ತದೆ. ಮೂಲೆಗಳಲ್ಲಿ ನಮ್ಮ ನಿಂತ ನೋಡ್‌ಗಳನ್ನೇ ಇಟ್ಟು, ಕಾರು ಬರುವವರೆಗೆ ಪ್ಯಾಕೆಟ್ ಹಿಡಿದಿಟ್ಟುಕೊಳ್ಳುವ ಹಾಗೆ ಬರೆಯುತ್ತಿದ್ದೇನೆ. ಎಷ್ಟು ಹೊತ್ತು ಹಿಡಿದಿಡಬೇಕು, ಬಫರ್ ತುಂಬಿದರೆ ಯಾವುದನ್ನು ಬಿಡಬೇಕು ಅನ್ನುವುದರ ಮೇಲೆ ಈಗ ಕೂತಿದ್ದೇನೆ.