‘ಜಾಸ್ತಿ ಮಾತಾಡ್ತೀಯಮ್ಮ’ ಅಂತ ಬೈಸ್ಕೊಂಡಿದ್ದೇ ಕೊನೆಗೆ ನನ್ನ ಕೆಲಸ ಆಯ್ತು

ಬಿಕಾಂ ಮುಗಿಸಿ ಹಾಸನದಿಂದ ಬೆಂಗಳೂರಿಗೆ ಬಂದಿದ್ದು 2017ರಲ್ಲಿ. ಜುಲೈ 1ಕ್ಕೆ ಜಿಎಸ್‌ಟಿ ಶುರುವಾಗಿತ್ತು, ಆಡಿಟರ್ ಆಫೀಸ್‌ಗಳಲ್ಲಿ ಜನ ಸಾಲ್ತಿರ್ಲಿಲ್ಲ, ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಬರುತ್ತಾ ಅಂದ್ರು, ಬರುತ್ತೆ ಅಂದೆ, ಮಾರನೇ ದಿನದಿಂದ್ಲೇ ಕೂತ್ಕೊಂಡೆ. ಬರ್ತಾ ಬರ್ತಾ ನನ್ನ ತಿಂಗಳಲ್ಲಿ ಉಳಿದಿದ್ದು ಮೂರೇ ತಾರೀಕು. 11ಕ್ಕೆ ಜಿಎಸ್‌ಟಿಆರ್-1, ಅಂದ್ರೆ ಮಾರಾಟದ ಬಿಲ್ಲುಗಳ ರಿಟರ್ನ್, 14ಕ್ಕೆ 2ಬಿ ಬರುತ್ತೆ, 20ಕ್ಕೆ 3ಬಿ, ಅಂದ್ರೆ ತಿಂಗಳ ಒಟ್ಟು ಲೆಕ್ಕ ಕೊಟ್ಟು ಟ್ಯಾಕ್ಸ್ ಕಟ್ಟೋ ರಿಟರ್ನ್, ಹಾಕ್ಬೇಕು. 2ಬಿ ಅಂದ್ರೆ ಸಪ್ಲೈಯರ್ ಹಾಕಿರೋ ಬಿಲ್ಲುಗಳ ಪಟ್ಟಿ, ಅದನ್ನ ನಮ್ಮ ಪಾರ್ಟಿ (ಅಂದ್ರೆ ಕ್ಲೈಂಟ್) ತಂದ್ಕೊಟ್ಟಿರೋ ಬಿಲ್ಲಿಗೆ ತಾಳೆ ಹಾಕೋದು. ಬಿಲ್ ನಂಬರಲ್ಲಿ ಒಂದು ಅಡ್ಡಗೆರೆ ಬಿಟ್ಟಿದ್ರೂ ಸಿಗಲ್ಲ, ಹುಡುಕ್ಬೇಕು.

ನಾನು ಅದ್ರಲ್ಲಿ ಫಾಸ್ಟು. ಸರ್ ಎಲ್ಲರ ಮುಂದೆ ಹೊಗಳ್ತಿದ್ರು, ಹಂಗಾಗಿ ಇದೇ ನನ್ನ ಸ್ಟ್ರೆಂತು ಅಂತ ನಾನೂ ನಂಬ್ಕೊಂಡಿದ್ದೆ. ಆದ್ರೆ ಊಟ ಆದ್ಮೇಲೆ ಆ ಎಕ್ಸೆಲ್ ಶೀಟ್ ತೆಗಿಯೋಕೆ ಮುಂಚೆ ಎರಡು ಸಲ ನೀರು ಕುಡಿಯೋಕೆ ಎದ್ದು ಹೋಗ್ತಿದ್ದೆ, ಒಂದ್ಸಲ ಸುಮ್ನೆ ಟೆರೇಸ್‌ಗೆ ಹೋಗಿ ಬರ್ತಿದ್ದೆ, ಇದನ್ನ ಯಾರೂ ಗಮನಿಸ್ಲಿಲ್ಲ, ನಾನೂ ಗಮನಿಸ್ಲಿಲ್ಲ. ಬೈಸ್ಕೊಳ್ತಿದ್ದಿದ್ದು ಮಾತ್ರ ಒಂದೇ ವಿಷ್ಯಕ್ಕೆ. "ಪಾರ್ಟಿ ಹತ್ರ ಜಾಸ್ತಿ ಮಾತಾಡ್ತೀಯಮ್ಮ ನೀನು, ಬಿಲ್ ಇಸ್ಕೊಂಡು ಕಳ್ಸು."

2024ರಲ್ಲಿ ತೀರಾ ಬೇಜಾರಾಗಿ ಒಂದು ಕೆಲಸ ಮಾಡಿದೆ. ಆಡಿಟರ್ ಆಫೀಸಲ್ಲಿ ಪುಕ್ಸಟ್ಟೆ ಡೈರಿಗೇನು ಬರ ಇಲ್ಲ, ಒಂದು ತಗೊಂಡು ದಿನಾ ಬಸ್ಸಲ್ಲಿ ಎರಡೇ ಸಾಲು ಬರೀತಾ ಹೋದೆ: ಇವತ್ತು ಯಾವ ಕೆಲಸ ಮುಂದಕ್ಕೆ ತಳ್ಳಿದೆ, ಯಾವ ಕೆಲಸ ಮಾಡ್ವಾಗ ಟೈಮ್ ನೋಡ್ಲಿಲ್ಲ. ತಿಂಗಳಾದ್ಮೇಲೆ ತಿರುಗಿಸಿ ನೋಡಿದ್ರೆ ಮೊದಲ್ನೇ ಸಾಲಲ್ಲಿ ಬರೀ ತಾಳೆ ಹಾಕೋದೇ. ಎರಡ್ನೇದ್ರಲ್ಲಿ, ಹಾರ್ಡ್‌ವೇರ್ ಅಂಗಡಿಯವ್ರಿಗೆ ಲೇಟ್ ಫೀ ದಿನಕ್ಕೆ 50 ರೂಪಾಯಿ ಹೆಂಗೆ ಬೆಳೀತು ಅಂತ ಹೇಳಿದ್ದು, ಟೈಲರಿಂಗ್ ಅಕ್ಕನಿಗೆ ನೀವಿನ್ನೂ ರಿಜಿಸ್ಟ್ರೇಷನ್ ಮಾಡಿಸ್ಬೇಕಾಗಿಲ್ಲ ಅಂತ ಲೆಕ್ಕ ಹಾಕಿ ತೋರ್ಸಿದ್ದು. ಅಂದ್ರೆ ಬೈಸ್ಕೊಳ್ಳೋ ಕೆಲಸಗಳೇ.

ಆನ್‌ಲೈನ್ ಟೆಸ್ಟೂ ತಗೊಂಡೆ. ಪೀಟರ್ಸನ್ ಮತ್ತೆ ಸೆಲಿಗ್ಮನ್ ಅನ್ನೋ ಅಮೆರಿಕದ ಸೈಕಾಲಜಿಯವ್ರು 2004ರಲ್ಲಿ 24 ಗುಣಗಳ ಪಟ್ಟಿ ಮಾಡಿದಾರಲ್ಲ, ಅದ್ರ ಮೇಲಿರೋದು, ಫ್ರೀ. ನಂಗೆ ಮೊದಲ್ನೇದಾಗಿ ಬಂದಿದ್ದು ದಯೆ. ತಪ್ಪು ಅಂತ ಹೇಳಲ್ಲ, ಆದ್ರೆ ದಯೆ ಇರೋರು ಬೇಕಾಗಿದ್ದಾರೆ ಅಂತ ಯಾವ ಆಫೀಸ್ ಮುಂದೆ ಬೋರ್ಡ್ ಹಾಕಿರ್ತಾರೆ ಹೇಳಿ.

ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ವಾಟ್ಸಾಪ್. ಗೊತ್ತಿರೋ ಒಂಬತ್ತು ಜನಕ್ಕೆ ಮೆಸೇಜ್ ಹಾಕಿದೆ, ನಾನು ಚೆನ್ನಾಗಿ ಮಾಡಿದ್ದು ಅಂತ ನಿಮಗೆ ನೆನಪಿರೋ ಒಂದು ಘಟನೆ ಹೇಳಿ, ಗುಣ ಹೇಳ್ಬೇಡಿ ಅಂತ. (ಗುಣ ಕೇಳಿದ್ರೆ ಎಲ್ರೂ ‘ಒಳ್ಳೆ ಹುಡುಗಿ’ ಅಂದು ಮುಗಿಸ್ತಾರೆ.) ಆರು ಜನ ಉತ್ತರ ಕೊಟ್ರು, ಒಬ್ರೂ ಲೆಕ್ಕದ ಸುದ್ದಿ ಎತ್ಲಿಲ್ಲ! ಚಿಕ್ಕಮ್ಮ ವಾಯ್ಸ್ ಮೆಸೇಜ್ ಕಳ್ಸಿದ್ರು: "ತಾತ ಐಸಿಯುನಲ್ಲಿದ್ದಾಗ ಡಾಕ್ಟ್ರು ಹೇಳಿದ್ದನ್ನ ನೀನು ಬಂದು ನಮ್ಮ ಮಾತಲ್ಲಿ ಹೇಳ್ದಾಗ್ಲೇ ಕಣೇ ನಾವು ಊಟ ಮಾಡಿದ್ದು."

ಇಲ್ಲಿ ಒಂದು ಎಡವಟ್ಟು ಮಾಡ್ಕೊಂಡೆ. ಓಹೋ, ನಂಗೆ ಪಾಠ ಮಾಡೋದು ಬರುತ್ತೆ ಅಂತ ತೀರ್ಮಾನ ಮಾಡಿ ಸಂಜೆ ಹೊತ್ತು ಒಂದು ಟ್ಯಾಲಿ ಕ್ಲಾಸಲ್ಲಿ ಹೇಳ್ಕೊಡೋಕೆ ಹೋದೆ. ಮೂವತ್ತು ಹುಡುಗ್ರು, ಯಾರಿಗೂ ಏನೂ ಡೌಟಿಲ್ಲ, ಸರ್ಟಿಫಿಕೇಟ್ ಯಾವಾಗ ಕೊಡ್ತಾರೆ ಅನ್ನೋದು ಬಿಟ್ಟು. ಬೋರ್ಡ್ ಕಡೆ ತಿರುಗಿದ್ರೆ ಗಂಟಲು ಒಣಗೋದು. ಎರಡೂವರೆ ತಿಂಗಳಿಗೆ ಬಿಟ್ಟೆ. ಹೇಳ್ಕೊಡೋದು ಅನ್ನೋದು ತೀರಾ ದೊಡ್ಡ ಪದ, ನನ್ನ ಕೈಲಾಗೋದು ಅದ್ರಲ್ಲಿ ಒಂದು ಚೂರು ಮಾತ್ರ, ಎದುರಿಗೆ ಒಬ್ರೇ ಇರ್ಬೇಕು, ಅವ್ರ ಕೈಲಿ ಒಂದು ಕಾಗ್ದ ಇರ್ಬೇಕು, ಅದನ್ನ ನೋಡಿ ಅವ್ರಿಗೆ ಭಯ ಆಗಿರ್ಬೇಕು. ಅದು ಪಕ್ಕಾ ಗೊತ್ತಾಗಿದ್ದು 2025ರ ಜುಲೈನಲ್ಲಿ.

ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆಯವ್ರ ನೋಟಿಸ್ ಬಂತಲ್ಲ, ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ತುಂಬ ಕಡೆ ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂತ ಬರೆದು ಅಂಟಿಸಿದ್ರು. ನಮ್ಮ ರೋಡಿನ ಬೇಕರಿಯವ್ರೂ ಹಾಸನದ ಕಡೆಯವ್ರೇ. ನಾನು ಆಡಿಟರ್ ಆಫೀಸಲ್ಲಿರೋದು ಗೊತ್ತಿತ್ತು. ಒಂದು ರಾತ್ರಿ ಶಟರ್ ಅರ್ಧ ಇಳಿಸಿ, ಕೇಕ್ ಡಬ್ಬಿಲಿ ಮಡಚಿಟ್ಟಿದ್ದ ನೋಟಿಸ್ ತೆಗೆದ್ರು, ಅದ್ರ ತುಂಬ ಮೈದಾ ಹಿಟ್ಟಿನ ಬೆರಳಚ್ಚು. "ಮೇಡಂ, ಅಂಗಡಿ ಮಾರಿದ್ರೂ ಇಷ್ಟು ಹುಟ್ಟಲ್ಲ."

ಗಾಜಿನ ಕೌಂಟರ್ ಮೇಲೆ ಈ ಕಡೆ ಒಂದು ಹಾಲಿನ ಪ್ಯಾಕೆಟ್, ಒಂದು ಬ್ರೆಡ್ ಇಟ್ಟೆ, ಆ ಕಡೆ ಒಂದು ಪಫ್, ಒಂದು ಕೇಕ್ ಪೀಸ್. "ಅಣ್ಣ, ಈ ಕಡೆದಕ್ಕೆ ಟ್ಯಾಕ್ಸ್ ಇಲ್ಲ, ಆ ಕಡೆದಕ್ಕೆ ಇದೆ. ಆದ್ರೆ ರಿಜಿಸ್ಟ್ರೇಷನ್ ಬೇಕಾ ಅಂತ, ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟ್ತಾ ನೋಡ್ವಾಗ ಎರಡೂ ಕಡೆದು ಕೂಡ್ತಾರೆ, ನೀವು ಸಿಕ್ಕಾಕ್ಕೊಂಡಿರೋದು ಇಲ್ಲಿ." ಅವ್ರು ಎರಡೂ ಕಡೆ ನೋಡಿದ್ರು, ಬ್ರೆಡ್ಡನ್ನ ಒಂದಿಂಚು ನನ್ನ ಕಡೆ ಸರಿಸಿದ್ರು. ಇದು ಕಟ್ಟಿ ಅಂತ ಆರ್ಡರ್ ಅಲ್ಲ, ಉತ್ತರ ಕೇಳಿರೋದು ಅಂದಾಗ ಸ್ಟೂಲ್ ಮೇಲೆ ಕೂತ್ರು. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಬಾಮೈದ ವಾಪಸ್ ಕೊಟ್ಟ ಕೈಸಾಲ, ಚೀಟಿ ದುಡ್ಡು, ಇವೆಲ್ಲ ವ್ಯಾಪಾರ ಅಲ್ಲ ಅಂತ ಪೆನ್ಸಿಲಲ್ಲಿ ಗೆರೆ ಎಳೀತಾ ಹೋದ್ವಿ. ಮನೆಗೆ ಬಂದು ಫೋನ್ ನೋಡಿದ್ರೆ ಅಮ್ಮನ ಆರು ಮಿಸ್ಡ್ ಕಾಲ್. ಆ ಭಾನುವಾರ ಇನ್ನೂ ನಾಲ್ಕು ಅಂಗಡಿಯವ್ರು ಬೇಕರಿ ಮುಂದೆ ಕಾಯ್ತಿದ್ರು.

ಕೆಲಸ ಪೂರ್ತಿ ಬಿಡ್ಲಿಲ್ಲ, ಬಾಡಿಗೆ ಯಾರು ಕಟ್ತಾರೆ. ಸರ್ ಹತ್ರ ವಾರಕ್ಕೆ ಮೂರು ದಿನ ಬರ್ತೀನಿ ಅಂದೆ, "ಇದೇನ್ ಧರ್ಮಛತ್ರನಾ" ಅಂದ್ರು, ಒಂದು ವಾರ ಮಾತಾಡ್ಸ್ಲಿಲ್ಲ, ಆಮೇಲೆ ಒಪ್ಪಿದ್ರು. ಸಂಬಳ 28 ಸಾವಿರದಿಂದ 15ಕ್ಕೆ ಇಳೀತು. ಮಿಕ್ಕ ದಿನ ಅಂಗಡಿಗಳಿಗೇ ಹೋಗಿ ಪುಸ್ತಕ ಬರೆಯೋದು ಹೇಳ್ಕೊಡ್ತೀನಿ, ರಿಟರ್ನ್ ಹಾಕ್ತೀನಿ, ತಿಂಗಳಿಗೆ 700. ಹತ್ತೊಂಬತ್ತು ಅಂಗಡಿ ಆಗೋಕೆ ಎಂಟು ತಿಂಗಳು ಹಿಡೀತು, ಅಲ್ಲೀವರೆಗೂ ಉಳಿಸಿದ್ದ ದುಡ್ಡಲ್ಲೇ ತಳ್ಳಿದೀನಿ. ಅಪ್ಪ ಇವತ್ತಿಗೂ "ಅಂಗಡಿ ಅಂಗಡಿ ಸುತ್ತೋಕೆ ಬಿಕಾಂ ಬೇಕಿತ್ತಾ" ಅಂತಾರೆ. ನನ್ನ ಕೈಲಾಗದ ಕೇಸು ಸರ್ ಹತ್ರ ಕಳಿಸ್ತೀನಿ, ಫೀಸ್ ಅವ್ರಿಗೆ, ಹಂಗಾಗಿ ಈಗ ಜಾಸ್ತಿ ಮಾತಾಡ್ತೀಯ ಅನ್ನಲ್ಲ. 2ಬಿ ಮಾತ್ರ ತಪ್ಪಿಲ್ಲ, 14 ಬಂದ್ರೆ ಈಗ್ಲೂ ಎರಡು ಸಲ ನೀರು ಕುಡಿಯೋಕೆ ಎದ್ದು ಹೋಗ್ತೀನಿ.

ಮೊನ್ನೆ ಬೇಕರಿ ಅಣ್ಣ ಬಿಸಿ ದಿಲ್‌ಪಸಂದ್ ಕಟ್ಟಿಕೊಟ್ರು, ದುಡ್ಡು ಕೊಟ್ರೆ ಬೇಡ ಬೇಡ ಅಂತಾನೇ ಇಸ್ಕೊಂಡು, ಕೌಂಟರ್ ಕೆಳಗಿಂದ ಪುಸ್ತಕ ತೆಗೆದು ಕಾರ್ಬನ್ ಇಟ್ಟು ಬಿಲ್ ಬರೆದು ಹರಿದು ಕೊಟ್ರು. "ಟ್ಯಾಕ್ಸ್ ಸೇರ್ಸಿಲ್ಲ ನೋಡ್ಕೊಳ್ಳಿ ಮೇಡಂ, ಕಾಂಪೊಸಿಷನ್ ತಗೊಂಡಿರೋರು ಸೇರ್ಸಂಗಿಲ್ಲ." (ಸಣ್ಣ ವ್ಯಾಪಾರಿಗಳು ಗಿರಾಕಿ ಹತ್ರ ಟ್ಯಾಕ್ಸ್ ಇಸ್ಕೊಳ್ದೆ, ವ್ಯಾಪಾರದ ಮೇಲೆ ಒಂದು ಸಣ್ಣ ಪಾಲು ತಾವೇ ಕಟ್ಟೋ ಸ್ಕೀಮದು.) ಪಕ್ಕದಲ್ಲಿ ಟೀ ಕುಡೀತಿದ್ದೋರು ಅದೇನಣ್ಣ ಕಾಂಪೊಸಿಷನ್ನು ಅಂದ್ರು, ನಾನು ಬಾಯಿ ತೆಗೆಯೋಷ್ಟ್ರಲ್ಲಿ ಅವ್ರೇ ಕೌಂಟರ್ ಮೇಲೆ ಒಂದು ಬ್ರೆಡ್ಡು ಒಂದು ಪಫ್ ಇಟ್ಟು ಶುರು ಮಾಡಿದ್ರು.