ಬರೆದ ಮಾತು, ಆಡಿದ ಮಾತು: ನನ್ನ ಅನುಭವ

ಬೇರೆ ಬೇರೆ ಊರುಗಳಲ್ಲಿದ್ದು ಮನೆಯಿಂದಲೇ ಕೆಲಸ ಮಾಡುವ ತಂಡವೊಂದನ್ನು ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ನಮ್ಮ ವ್ಯವಹಾರದ ಬಹುಪಾಲು ಚಾಟ್ ಮತ್ತು ಇಮೇಲ್‌ಗಳಲ್ಲೇ ನಡೆಯುವುದರಿಂದ, ಯಾವ ಮಾತನ್ನು ಬರೆಯಬೇಕು, ಯಾವುದನ್ನು ಕರೆ ಮಾಡಿ ಹೇಳಬೇಕು ಎಂದು ನಿರ್ಧರಿಸುವುದು ನನ್ನ ಹೊಣೆಯ ಅತಿ ಸೂಕ್ಷ್ಮ ಭಾಗವಾಗಿದೆ.

ಇದರಲ್ಲಿ ನನಗೆ ದಾರಿ ತೋರಿದ್ದು ಮನಶ್ಶಾಸ್ತ್ರಜ್ಞರಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನ. ತಮ್ಮ ಇಮೇಲ್ ವ್ಯಂಗ್ಯವೋ ಗಂಭೀರವೋ ಎಂಬುದು ಓದುವವರಿಗೆ ಹೆಚ್ಚಿನ ಸಲ ತಿಳಿಯುತ್ತದೆ ಎಂದು ಬರೆದವರು ನಂಬಿದ್ದರು; ಆದರೆ ಓದಿದವರ ಊಹೆ ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಹೆಚ್ಚೇನೂ ಮೇಲಿರಲಿಲ್ಲ. ದನಿಯಲ್ಲಿ ಕೇಳಿದವರು ಮಾತ್ರ ಬಹುಮಟ್ಟಿಗೆ ಸರಿಯಾಗಿ ಗುರುತಿಸಿದರು. ಬರೆಯುವವರ ಮನಸ್ಸಿನಲ್ಲಿ ಅವರ ದನಿಯ ಏರಿಳಿತ ಕೇಳುತ್ತಲೇ ಇರುತ್ತದೆ, ಅಕ್ಷರಗಳ ಜೊತೆ ಅದು ಹೋಗುವುದಿಲ್ಲ.

ಆದ್ದರಿಂದ ಕೆಲಸದಲ್ಲಿನ ಲೋಪವನ್ನು ನಾನು ಕರೆ ಮಾಡಿಯೇ ಹೇಳುತ್ತೇನೆ. ಮೆಚ್ಚುಗೆಯನ್ನು ಬರೆದು ಕಳಿಸುತ್ತೇನೆ, ಏಕೆಂದರೆ ಅದನ್ನು ಅವರು ಮತ್ತೆ ಮತ್ತೆ ಓದಿಕೊಳ್ಳಬಹುದು. "ಸ್ವಲ್ಪ ಮಾತಾಡಬೇಕಿತ್ತು" ಎಂದಷ್ಟೇ ಎಂದೂ ಬರೆಯುವುದಿಲ್ಲ. ಕಾರಣ ತಿಳಿಸದ ಅಂಥ ಸಾಲನ್ನು ಮೇಲಿನವರಿಂದ ಪಡೆದ ವ್ಯಕ್ತಿ ಕರೆ ಬರುವವರೆಗೂ ಕೆಟ್ಟದ್ದನ್ನೇ ಕಲ್ಪಿಸಿಕೊಂಡು ಕುಳಿತಿರುತ್ತಾರೆ. ಹೀಗೆ ಒಬ್ಬರ ಅರ್ಧ ದಿನವನ್ನು ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ರಾತ್ರಿ ಹೊಳೆದ ವಿಚಾರಗಳನ್ನು ಬೆಳಿಗ್ಗೆ ತಲುಪುವಂತೆ ಸಮಯ ನಿಗದಿಪಡಿಸಿ ಕಳಿಸುತ್ತೇನೆ.

2014ರ ನವೆಂಬರ್‌ನಲ್ಲಿ ವಾಟ್ಸಾಪ್ ನೀಲಿ ಟಿಕ್‌ಗಳನ್ನು ತಂದ ಮೇಲೆ ಮೌನಕ್ಕೂ ಹೊಸ ಅರ್ಥ ಬಂದಿತು. ಅದಕ್ಕೂ ಮೊದಲು ಉತ್ತರ ಬಾರದಿದ್ದರೆ "ಇನ್ನೂ ನೋಡಿಲ್ಲವೇನೋ" ಎಂದು ಸಮಾಧಾನಪಟ್ಟುಕೊಳ್ಳಬಹುದಾಗಿತ್ತು; ಈಗ ನೋಡಿಯೂ ಸುಮ್ಮನಿದ್ದಾರೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಸೌಲಭ್ಯವನ್ನು ನಿಲ್ಲಿಸಿಡಬಹುದು ನಿಜ, ಆದರೂ ಕಾಯುವವರ ಆತಂಕ ಅದರಿಂದ ತೀರುವುದಿಲ್ಲ. "ನೋಡಿದೆ, ನಾಳೆ ಮಧ್ಯಾಹ್ನದೊಳಗೆ ಉತ್ತರಿಸುತ್ತೇನೆ" ಎಂಬ ಒಂದು ಸಾಲನ್ನು ಆಗಲೇ ಬರೆದುಬಿಡುತ್ತೇನೆ.

ಮನೆಯಲ್ಲಿಯೂ ಇದೇ ಕ್ರಮ. ಹಣಕಾಸು ಅಥವಾ ಮಕ್ಕಳ ವಿಷಯದಲ್ಲಿ ಭಿನ್ನಾಭಿಪ್ರಾಯ ತಲೆದೋರಿದಾಗ ನಾವಿಬ್ಬರೂ ಸಂದೇಶಗಳಲ್ಲಿ ವಾದ ಬೆಳೆಸದೆ ಸಂಜೆಯವರೆಗೆ ಕಾಯುತ್ತೇವೆ. ಎದುರಿಗಿದ್ದಾಗ ಮುಖ ಬಾಡಿದ್ದು ಕಂಡೊಡನೆ ಮಾತು ತಾನಾಗಿಯೇ ಮೃದುವಾಗುತ್ತದೆ. ಪರದೆಯ ಮೇಲೆ ಆ ಸೂಚನೆ ಸಿಗುವುದೇ ಇಲ್ಲ.

ತಂಡದಲ್ಲಿ ಫೋನಿನ ಮಾತಿಗೆ ಹಿಂಜರಿಯುವವರೂ ಇದ್ದಾರೆ. ಅವರ ಮೇಲೆ ನನ್ನ ಕ್ರಮವನ್ನು ಹೇರದೆ, ವಿಷಯವೇನೆಂದು ಮೊದಲೇ ಬರೆದು ತಿಳಿಸಿ, ಅವರಿಗೆ ಅನುಕೂಲವಾದ ಸಮಯವನ್ನು ಕೇಳಿಕೊಂಡು ಆಮೇಲೆ ಕರೆ ಮಾಡುತ್ತೇನೆ.