ಏಣಿ ತೆಗೆಯೋದು ಕಡೇಲಿ: ಫಾರಿನ್ ಸೆಮಿಸ್ಟರ್‌ನ ಕೊನೇ ವಾರಗಳನ್ನ ಮುಗಿಸೋದು ಹೇಗೆ

ಫಾರಿನ್‌ಗೆ ಹೋಗೋದು ಹೇಗೆ ಅಂತ ಹೇಳಿಕೊಡೋಕೆ ಮಡಿಕೇರಿಯಿಂದ ಗೋಣಿಕೊಪ್ಪದವರೆಗೂ ಜನ ಇದಾರೆ. ವಾಪಸ್ ಬರೋದು ಹೇಗೆ ಅಂತ ಯಾರೂ ಹೇಳಲ್ಲ, ಬ್ಯಾಗ್ ತುಂಬ್ಸಿ ವಿಮಾನ ಹತ್ತಿದ್ರೆ ಮುಗೀತಲ್ಲ ಅಂತ ಎಲ್ರ ಲೆಕ್ಕ. ನನ್ನ ಚಿಕ್ಕಮ್ಮನ ಮಗನ ಲೆಕ್ಕನೂ ಅದೇ ಇತ್ತು. ಜರ್ಮನಿಲಿ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಮುಗ್ಸಿ, ಹೊರಡೋ ಹಿಂದಿನ ದಿನ ಬ್ಯಾಂಕ್ ಅಕೌಂಟ್ ಮುಚ್ಚಿ, ಸಿಮ್ ಮುರಿದು ಕಸಕ್ಕೆ ಹಾಕಿ, ಹಳೇ ಫೋನ್‌ನೂ ಅಲ್ಲೇ ಯಾರಿಗೋ ಮಾರಿ ಭಾರಿ ನೀಟಾಗಿ ಬಂದ. ಒಂದು ತಿಂಗಳಾದ ಮೇಲೆ ಮನೆ ಓನರ್ ಮೇಲ್ ಬಂತು, ನಿನ್ನ ಡೆಪಾಸಿಟ್ ವಾಪಸ್ ಹಾಕ್ತೀನಿ, ಐಬಾನ್ ನಂಬರ್, ಅಂದ್ರೆ ಅಲ್ಲಿನ ಥರದ ಬ್ಯಾಂಕ್ ಅಕೌಂಟ್ ನಂಬರ್, ಕಳ್ಸು ಅಂತ. ಎಲ್ಲಿಂದ ತರ್ತಾನೆ? ನಮ್ಮ ಬ್ಯಾಂಕುಗಳಲ್ಲಿ ಐಬಾನ್ ಅನ್ನೋದೇ ಇಲ್ಲ, ಐಎಫ್‌ಎಸ್‌ಸಿ, ಸ್ವಿಫ್ಟ್ ಅಂತ ಹೇಳಿದ್ರೆ ಆ ಓನರ್‌ಗೆ ಅದು ತಲೆಬಿಸಿ. ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳಲ್ಲಿ ಬಂದ ಹುಡುಗ ದುಡ್ಡಿನ ಮುಖ ನೋಡಿದ್ದು ವರ್ಷದ ಕೊನೇಲಿ ಬರೋ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಅದೂ ಅಲ್ಲಿನ ಒಬ್ಬ ಫ್ರೆಂಡ್ ಅಕೌಂಟಿಗೆ ಹಾಕಿಸ್ಕೊಂಡು.

ಮೆಣಸು ಕುಯ್ಯೋಕೆ ಸಿಲ್ವರ್ ಮರ ಹತ್ತಿದೋನು ಇನ್ನೂ ಮೇಲಿರುವಾಗ್ಲೇ ಏಣಿ ಎಳೆದ ಹಾಗಾಯ್ತು ಅದು. ಅವನಷ್ಟೇ ಅಲ್ಲ, ಆಮೇಲೆ ಇಬ್ರು ಇದೇ ಥರ ಒದ್ದಾಡಿದ್ದನ್ನ ನೋಡಿದೀನಿ. ಮಾಡಬೇಕಾದ ಕೆಲ್ಸ ಎಲ್ರಿಗೂ ಗೊತ್ತಿರುತ್ತೆ, ಯಾವುದು ಮೊದ್ಲು ಯಾವುದು ಆಮೇಲೆ ಅನ್ನೋದು ಗೊತ್ತಿರಲ್ಲ. ನಾನು ಬವೇರಿಯಾದಲ್ಲಿ ಒಂದು ಸೆಮಿಸ್ಟರ್ ಓದಿ ಬಂದೋಳು, ಹಾಗಾಗಿ ಜರ್ಮನಿ ಲೆಕ್ಕದಲ್ಲೇ ಹೇಳ್ತೀನಿ, ಬೇರೆ ದೇಶ ಆದ್ರೆ ಕಾಗದದ ಹೆಸ್ರು ಬದಲಾಗುತ್ತೆ.

ಮೊದಲು ಮನೆ ಅಗ್ರಿಮೆಂಟ್ ತೆಗೆದು ಓದಿ. ಇದನ್ನ ಕೊನೇ ತಿಂಗಳಲ್ಲಿ ಅಲ್ಲ, ಅರ್ಧ ಸೆಮಿಸ್ಟರ್‌ಗೇ ಮಾಡ್ಬೇಕು. ಹಾಸ್ಟೆಲ್ ರೂಮ್ ಆದ್ರೆ ಸಾಮಾನ್ಯವಾಗಿ ಇಂಥ ತಾರೀಕಿಗೆ ಮುಗಿಯುತ್ತೆ ಅಂತ ಬರೆದಿರ್ತಾರೆ, ತಲೆನೋವಿಲ್ಲ. ಮುಗಿಯೋ ತಾರೀಕಿಲ್ಲದ ಬಾಡಿಗೆ ಆದ್ರೆ 3 ತಿಂಗಳ ನೋಟಿಸ್, ಅದೂ ತಿಂಗಳ ಮೂರನೇ ಕೆಲಸದ ದಿನದ ಒಳಗೆ ಅವರ ಕೈ ಸೇರ್ಬೇಕು, ಇಲ್ದಿದ್ರೆ ಆ ತಿಂಗಳು ಲೆಕ್ಕಕ್ಕೆ ಬರಲ್ಲ. ಮೇಲ್ ಮಾಡಿದ್ರೆ, ವಾಟ್ಸಾಪ್ ಮಾಡಿದ್ರೆ ನಡೆಯಲ್ಲ, ಕಾಗದದಲ್ಲಿ ಬರೆದು ಕೈಯಾರೆ ಸೈನ್ ಹಾಕಿದ ಪತ್ರನೇ ಆಗ್ಬೇಕು. ಓನರ್ ಒಳ್ಳೆಯವರು, ಬಾಯಲ್ಲಿ ಹೇಳಿದೀನಿ ಅಂತ ಕೂರಬೇಡಿ.

ಟಿಕೆಟ್ ವಿಷಯ. ಬೇಸಿಗೆ ಸೆಮಿಸ್ಟರ್‌ನಲ್ಲಿ ಪಾಠ ಮುಗಿಯೋದು ಜುಲೈ ಮಧ್ಯಕ್ಕೆ, ಪರೀಕ್ಷೆ ಜುಲೈ ಕೊನೆ, ಕೆಲವರಿಗೆ ಆಗಸ್ಟ್‌ಗೂ ಎಳೆಯುತ್ತೆ. ಮನೇಲಿ ಮಾತ್ರ ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಮದ್ದುಸೊಪ್ಪಿನ ಪಾಯಸಕ್ಕೆ ಬಂದು ಬಿಡು ಮಗಾ ಅಂತ ಫೋನು. ಬರಬೇಡಿ. ಪರೀಕ್ಷೆ ಮುಗಿದ ಮೇಲೆ ಕಮ್ಮಿ ಅಂದ್ರೂ ಎಂಟು ಹತ್ತು ದಿನ ಅಲ್ಲೇ ಇರೋ ಹಾಗೆ ಬುಕ್ ಮಾಡಿ, ರೆಸಿಡೆನ್ಸ್ ಪರ್ಮಿಟ್ ತಾರೀಕು ಅದಕ್ಕೆ ಮುಂಚೆ ಮುಗಿಯಲ್ಲ ತಾನೇ ಅಂತಲೂ ನೋಡ್ಕೊಳ್ಳಿ. ಇನ್ನೊಂದು, ಮಳೆಗಾಲದಲ್ಲಿ ಮಂಗಳೂರಿಗೋ ಕಣ್ಣೂರಿಗೋ ಟಿಕೆಟ್ ಕಮ್ಮಿ ಸಿಕ್ತು ಅಂತ ಹಾರಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ರ ಗುಡ್ಡ ಜರಿದು ಮಂಗಳೂರು ರಸ್ತೆನೇ ಮುಚ್ಚಿ ಹೋಗಿತ್ತು, ಕಣ್ಣೂರಿಂದ ಬರೋ ಮಾಕುಟ್ಟ ದಾರಿದೂ ಮಳೇಲಿ ನಂಬಿಕೆ ಇಲ್ಲ. ಬೆಂಗಳೂರಿಗೆ ಇಳಿದು ಮೈಸೂರು ಮೇಲೆ ಬಸ್ಸಲ್ಲಿ ಬನ್ನಿ, ಅರ್ಧ ದಿನ ಹೆಚ್ಚು ಹೋದ್ರೂ ಮನೆ ಮುಟ್ತೀರಿ.

ಪರೀಕ್ಷೆ ಬರೀರಿ. ಅದರ ಬಗ್ಗೆ ನಾನೇನು ಹೇಳೋದು.

ಆದ್ರೆ ಮಾರ್ಕ್ಸ್ ಕಾರ್ಡ್ ಬಗ್ಗೆ ಹೇಳ್ಬೇಕು. ರಿಸಲ್ಟ್ ಬರೋದು ನೀವು ಊರಿಗೆ ಬಂದ ಎಷ್ಟೋ ವಾರದ ಮೇಲೆ. ಅಷ್ಟೊತ್ತಿಗೆ ಯೂನಿವರ್ಸಿಟಿ ಕೊಟ್ಟ ಮೇಲ್ ಐಡಿ ಬಂದ್ ಆಗಿರಬಹುದು, ಅದಕ್ಕೆ ಇಂಟರ್‌ನ್ಯಾಷನಲ್ ಆಫೀಸಿಗೆ ನಿಮ್ಮ ಸ್ವಂತ ಮೇಲ್ ಐಡಿ ಕೊಟ್ಟು, ಟ್ರಾನ್ಸ್‌ಕ್ರಿಪ್ಟ್ ಇದಕ್ಕೇ ಕಳ್ಸಿ ಅಂತ ಬರವಣಿಗೇಲಿ ಹೇಳಿ ಬನ್ನಿ. ಯಾವ ಸಬ್ಜೆಕ್ಟ್‌ಗೆ ಎಷ್ಟು ಇಸಿಟಿಎಸ್ (ಯೂರೋಪಿನ ಕಾಲೇಜುಗಳ ಕ್ರೆಡಿಟ್ ಲೆಕ್ಕ) ಕ್ರೆಡಿಟ್ ಅನ್ನೋದನ್ನೂ, ಸಿಲಬಸ್ ಪೇಜನ್ನೂ ಲಾಗಿನ್ ಇರುವಾಗ್ಲೇ ಡೌನ್‌ಲೋಡ್ ಮಾಡಿ ಇಟ್ಕೊಳ್ಳಿ, ಇಲ್ಲಿನ ಕಾಲೇಜಲ್ಲಿ ಕ್ರೆಡಿಟ್ ಟ್ರಾನ್ಸ್‌ಫರ್ ಮಾಡೋರು ಮೊದ್ಲು ಕೇಳೋದೇ ಅದನ್ನ. ಸೆಮಿಸ್ಟರ್‌ಗೆ ಪೂರ್ತಿ ಲೋಡ್ ಅಂದ್ರೆ 30 ಕ್ರೆಡಿಟ್. ಮತ್ತೆ ಮನೆಯವರಿಗೆ ಮೊದ್ಲೇ ಹೇಳಿ ಇಡಿ, ಅಲ್ಲಿ 1.0 ಅಂದ್ರೆ ಫಸ್ಟ್ ಕ್ಲಾಸು, 4.0 ಅಂದ್ರೆ ಬರೀ ಪಾಸು, 5.0 ಅಂದ್ರೆ ಡುಮ್ಕಿ. ನನ್ನ 1.3 ನೋಡಿ ಅವ್ವ ಎರಡು ದಿನ ಮಾತಾಡಿರ್ಲಿಲ್ಲ.

ಈಗ ರೂಮ್ ಬಿಟ್ಟುಕೊಡೋದು. ಎಲ್ರೂ ಎಡವೋದು ಇಲ್ಲೇ, ನಿಧಾನಕ್ಕೆ ಓದಿ. ಅಲ್ಲಿ ಡೆಪಾಸಿಟ್ ಅಂದ್ರೆ ಚಿಲ್ಲರೆ ಅಲ್ಲ, ಹೀಟಿಂಗ್, ನೀರಿನ ಖರ್ಚು ಬಿಟ್ಟು ಬರೀ ಬಾಡಿಗೆಯ 3 ತಿಂಗಳಷ್ಟು ತನಕ ತಗೊಳ್ಳೋಕೆ ಕಾನೂನಲ್ಲೇ ಅವಕಾಶ ಉಂಟು. ಅದ್ರಲ್ಲಿ ಕ್ಲೀನಿಂಗ್ ಅಂತ ಹಿಡ್ಕೊಳ್ಳೋಕೆ ಒಂದು ಕಲೆ ಸಾಕು. ನಮ್ಮವರ ರೂಮಲ್ಲಿ ಮೂರು ಥರ ಕಲೆ ಇರುತ್ತೆ.

ಒಂದು, ಬಾತ್‌ರೂಮಿನ ಬಿಳಿ ಪೊರೆ. ಅಲ್ಲಿ ಇದನ್ನ ಕಾಲ್ಕ್ ಅಂತಾರೆ, ಸುಣ್ಣದ ಅಂಶ. ನಮ್ಮ ತೋಡಿನ ನೀರು, ಬಾವಿ ನೀರು ನೋಡಿ ಬೆಳೆದೋರಿಗೆ ಅದು ಕಲೆ ಅಂತಲೇ ಅನ್ಸಲ್ಲ, ನಲ್ಲಿ ಬಣ್ಣನೇ ಹಾಗೆ ಅನ್ಕೊಂಡು ಆರು ತಿಂಗಳು ಕಳೀತಾರೆ. ಸೂಪರ್‌ಮಾರ್ಕೆಟಲ್ಲಿ ಬಣ್ಣ ಬಣ್ಣದ ಸ್ಪ್ರೇ ಬಾಟ್ಲಿ ಸಿಗುತ್ತೆ, ದುಡ್ಡು ದಂಡ, ವಾಸನೆ ಬೇರೆ. ಸಿಟ್ರಿಕ್ ಆಸಿಡ್ ಪುಡಿ ತಗೊಳ್ಳಿ, ಪ್ಯಾಕೆಟ್ ಮೇಲೆ ತ್ಸಿಟ್ರೋನೆನ್‌ಜೊಯ್ರೆ ಅಂತ ಇರುತ್ತೆ, ಅಗ್ಗ. ಒಂದು ಲೀಟರ್ ತಣ್ಣೀರಿಗೆ ಎರಡು ಮೂರು ದೊಡ್ಡ ಚಮಚ. ತಣ್ಣೀರು ಅಂದ್ರೆ ತಣ್ಣೀರೇ, ಬಿಸಿ ನೀರಾದ್ರೆ ಬೇಗ ಹೋಗುತ್ತೆ ಅನ್ಕೊಂಡು ಕಾಯಿಸಿ ಹಾಕಿದ್ರೆ ಆ ಸುಣ್ಣ ಸಿಟ್ರಿಕ್ ಜೊತೆ ಸೇರಿ ಇನ್ನೊಂದು ಥರ ಗಟ್ಟಿ ಪೊರೆ ಆಗಿ ಕೂರುತ್ತೆ, ಆಮೇಲೆ ನಿಮ್ಮಪ್ಪ ಬಂದು ಉಜ್ಜಿದ್ರೂ ಹೋಗಲ್ಲ. ಟಿಶ್ಯೂನ ಅದ್ರಲ್ಲಿ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಒರೆಸಿ ತೊಳೀರಿ. ಮಾರ್ಬಲ್ ಮೇಲೆ ಹಾಕಬೇಡಿ, ತಿಂದು ಹಾಕುತ್ತೆ. ಕ್ಲೋರಿನ್ ಇರೋ ಕ್ಲೀನರ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಗ್ಯಾಸ್ ಬರುತ್ತೆ. ನಮ್ಮ ಕಡೆ ಹುಡುಗಿ ಒಬ್ಬಳು ಹುಳಿ ತಾನೇ ಬೇಕಾಗಿದ್ದು ಅಂತ ಮನೆಯಿಂದ ಪಂದಿಕರಿಗೆ ಕಳ್ಸಿದ್ದ ಕಾಚಂಪುಳಿ ಸುರಿದಿದ್ದಳು ಮಾರಾಯ್ರೆ. ಸುಣ್ಣ ಹೋಯ್ತೋ ಬಿಟ್ತೋ, ಟೈಲ್ಸ್ ಸಂದಿ ಎಲ್ಲ ಕಾಫಿ ಕಲರ್.

ಎರಡು, ಅಡಿಗೆಮನೆ ಅರಿಶಿನ. ಬಿಳಿ ಕಟ್ಟೆ ಮೇಲೆ ಹಳದಿ ಕಲೆ ಉಜ್ಜಿ ಉಜ್ಜಿ ಪಾಲಿಶ್ ಕೀಳಬೇಡಿ. ಅರಿಶಿನಕ್ಕೆ ಬಿಸಿಲು ಆಗಲ್ಲ. ಎತ್ತಿಡೋ ವಸ್ತು ಆದ್ರೆ ತೊಳೆದು ಎರಡು ದಿನ ಬಿಸಿಲು ಬೀಳೋ ಕಿಟಕಿ ಹತ್ರ ಇಡಿ, ತಾನೇ ಮಾಸುತ್ತೆ. ಕಟ್ಟೆನೇ ಆದ್ರೆ ಅಡಿಗೆ ಸೋಡ ಪೇಸ್ಟ್ ಮಾಡಿ ಹಚ್ಚಿ ಬಿಡಿ. ಒಗ್ಗರಣೆ ಎಣ್ಣೆ ಒಲೆ ಮೇಲಿನ ಚಿಮಣಿ ಜಾಲರೀಲಿ ಕೂತಿರುತ್ತೆ, ಅದನ್ನ ಯಾರೂ ನೋಡಲ್ಲ ಅನ್ಕೋತೀರಿ, ಕೇರ್‌ಟೇಕರ್ ಮೊದ್ಲು ಬೆರಳು ಹಾಕೋದೇ ಅಲ್ಲಿಗೆ.

ಮೂರು, ಗೋಡೇಲಿ ಮೊಳೆ ತೂತು. ಟೂತ್‌ಪೇಸ್ಟ್ ತುಂಬ್ಸಿ ಅಂತ ಎಲ್ಲ ಸೀನಿಯರ್ಸೂ ಹೇಳ್ತಾರೆ. ಒಣಗಿ ಬಿರುಕು ಬಿಡುತ್ತೆ, ಪುದೀನ ವಾಸನೆ ಬೇರೆ. ಹಾರ್ಡ್‌ವೇರ್ ಅಂಗಡೀಲಿ ಟ್ಯೂಬಲ್ಲಿ ಗೋಡೆ ಪುಟ್ಟಿ ಸಿಗುತ್ತೆ, ಅದನ್ನೇ ಹಾಕಿ. ಭಾನುವಾರ ಅಂಗಡಿ ಬಾಗಿಲೇ ತೆಗೆಯಲ್ಲ ಅನ್ನೋದು ನೆನಪಿರ್ಲಿ, ಸೋಮವಾರ ಬೆಳಿಗ್ಗೆ ಕೀ ಕೊಡೋದಿದ್ರೆ ಶನಿವಾರನೇ ತಂದಿರ್ಬೇಕು.

ಕೀ ಕೊಡುವಾಗ ಓನರ್ ಅಥವಾ ಕೇರ್‌ಟೇಕರ್ ಜೊತೆ ನಿಂತು ಒಂದೊಂದೂ ನೋಡಿ ಬರೆಯೋ ಹ್ಯಾಂಡೋವರ್ ಕಾಗದ ಉಂಟು, ಯೂಬರ್‌ಗಾಬೆ ಪ್ರೊಟೊಕೋಲ್ ಅಂತ. ಅದಿಲ್ದೆ ಕೀ ಕೊಡಬೇಡಿ. ಅದ್ರಲ್ಲಿ ಎಷ್ಟು ಕೀ ಕೊಟ್ರಿ, ರೂಮ್ ಹೇಗಿತ್ತು, ಡೆಪಾಸಿಟ್ ಯಾವ ಅಕೌಂಟಿಗೆ ಹಾಕ್ಬೇಕು, ಎಲ್ಲ ಬರೆಸಿ ಇಬ್ರೂ ಸೈನ್ ಹಾಕಿ ಫೋಟೋ ತೆಗೀರಿ. ಅರ್ಥ ಆಗದ ಜರ್ಮನ್ ಸಾಲಿನ ಕೆಳಗೆ ಸೈನ್ ಹಾಕೋ ಮುಂಚೆ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ, ಅವ್ರು ಕಾಯ್ತಾರೆ, ನಾಚಿಕೆ ಬೇಡ. ಖಾಲಿ ರೂಮಿನ ವಿಡಿಯೋ ಒಂದು ತೆಗೆದಿಟ್ಕೊಳ್ಳಿ, ಓವನ್ ಒಳಗಡೆದೂ ಸೇರಿಸಿ.

ಹೆಸ್ರು ತೆಗೆಸೋದು ಇದ್ರ ಜೊತೆಗೇ ಬರುತ್ತೆ. ಹೋದಾಗ ಊರ ಆಫೀಸಲ್ಲಿ ಅಡ್ರೆಸ್ ರಿಜಿಸ್ಟರ್ ಮಾಡ್ಸಿದ್ರಲ್ಲ, ಅದನ್ನ ರದ್ದು ಮಾಡ್ಸೋದೇ ಆಬ್‌ಮೆಲ್ಡುಂಗ್. ಮನೆ ಬಿಡೋ ತಾರೀಕಿಗಿಂತ ಒಂದು ವಾರ ಮುಂಚೆಯಿಂದ, ಬಿಟ್ಟ ಎರಡು ವಾರದ ಒಳಗೆ, ಅಷ್ಟೇ ಟೈಮು. ಅದಕ್ಕಿಂತ ಮುಂಚೆ ಹೋದ್ರೆ ವಾಪಸ್ ಕಳಿಸ್ತಾರೆ. ಅಲ್ಲಿ ಕೊಡೋ ಸರ್ಟಿಫಿಕೇಟು ಒಂದೇ ಹಾಳೆ, ಆದ್ರೆ ಮುಂದಿನದೆಲ್ಲ ಅದ್ರ ಮೇಲೇ ನಡೆಯೋದು. ಟಿವಿ ಇರ್ಲಿ ಬಿಡ್ಲಿ ಮನೆಗೊಂದರ ಹಾಗೆ ತಿಂಗಳಿಗೆ 18.36 ಯೂರೋ ರೇಡಿಯೋ ಫೀಸ್ ಕಟ್ಟಿಸ್ಕೋತಾರಲ್ಲ, ನೀವು ದೇಶ ಬಿಟ್ರಿ ಅಂತ ಅದು ತಾನಾಗೇ ನಿಲ್ಲಲ್ಲ, ಈ ಸರ್ಟಿಫಿಕೇಟ್ ಕಳ್ಸಿ ನಿಲ್ಲಿಸ್ಬೇಕು. ಹೆಲ್ತ್ ಇನ್ಶೂರೆನ್ಸ್ ನಿಲ್ಲಿಸೋಕೂ, ವೀಸಾಕ್ಕೆ ಅಂತ ಮೊದ್ಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಲ್ಲಿ ಉಳಿದ ದುಡ್ಡು ಬಿಡಿಸೋಕೂ ಇದನ್ನ ಕೇಳೋದುಂಟು. ನಾಲ್ಕು ಕಾಪಿ ಸ್ಕ್ಯಾನ್ ಮಾಡಿ ಮೇಲಲ್ಲಿ ಹಾಕ್ಕೊಳ್ಳಿ.

ಪ್ಯಾಕಿಂಗ್ ಬಗ್ಗೆ ಒಂದೇ ಮಾತು, ಗಾಳಿ ಎಳೆಯೋ ಪ್ಲಾಸ್ಟಿಕ್ ಚೀಲ ತಗೋಬೇಡಿ. ಅದು ಬಟ್ಟೆ ಗಾತ್ರ ಕಮ್ಮಿ ಮಾಡುತ್ತೆ, ತೂಕ ಅಲ್ಲ. ಬ್ಯಾಗ್ ಚಿಕ್ಕದಾಯ್ತು ಅಂತ ಇನ್ನಷ್ಟು ತುಂಬ್ಸಿ ಏರ್‌ಪೋರ್ಟಲ್ಲಿ ನೆಲದ ಮೇಲೆ ಬ್ಯಾಗ್ ಬಿಚ್ಚಿ ಕೂತೋರನ್ನ ನೋಡಿದೀನಿ. ಪವರ್ ಬ್ಯಾಂಕ್ ಕೈ ಚೀಲದಲ್ಲಿ. ಮನೆಯವರು ತೋಟಕ್ಕೆ ಬೇಕು ಅಂತ ತರಿಸೋ ಚಿಗುರು ತೆಗೆಯೋ ಕತ್ತರಿ ದೊಡ್ಡ ಬ್ಯಾಗಲ್ಲಿ, ಅದಲು ಬದಲು ಮಾಡಿದ್ರೆ ಎರಡೂ ಹೋಯ್ತು. ಖಾಲಿ ಪ್ಲಾಸ್ಟಿಕ್ ಬಾಟ್ಲಿ, ಟಿನ್ನು ಕೂಡಿಟ್ಟಿದ್ರೆ ಅಂಗಡಿ ಮೆಷಿನ್‌ಗೆ ಹಾಕಿ, ಒಂದಕ್ಕೆ 25 ಸೆಂಟ್. ನನಗೆ ಕೊನೇ ದಿನದ ಊಟ ಅದ್ರಲ್ಲೇ ಆಯ್ತು.

ಇನ್ನು ಉಳಿದಿದ್ದು ಏಣಿ. ಅಂದ್ರೆ ಬ್ಯಾಂಕ್, ಸಿಮ್, ಫೋನ್. ಮೂರನ್ನೂ ಮುಟ್ಟಬೇಡಿ. ಅಕೌಂಟಲ್ಲಿ ನೂರೈವತ್ತು ಯೂರೋ ಬಿಟ್ಟಿರಿ, ಕೊನೇ ಇನ್ಶೂರೆನ್ಸ್ ಕಂತು, ಫೋನ್ ಬಿಲ್ಲು ಅಂತ ತಾನೇ ಕಟ್ ಆಗೋದು ಇರುತ್ತೆ. ಬ್ಯಾಂಕಲ್ಲಿ ಅಡ್ರೆಸ್ ಬದಲಾಯಿಸಿ, ಮನೆ ಹೆಸ್ರು, ಪೋಸ್ಟು, ತಾಲ್ಲೂಕು, ಪಿನ್ ಎಲ್ಲ ಸರಿಯಾಗಿ ಬರೆದು ಊರಿನ ಅಡ್ರೆಸ್ ಕೊಡಿ. ಬ್ಯಾಂಕ್ ಆ್ಯಪ್ ಯಾವ ಫೋನಲ್ಲಿ ಇದ್ಯೋ ಆ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ, ಯಾಕಂದ್ರೆ ಹೊಸ ಫೋನಲ್ಲಿ ಆ್ಯಪ್ ಹಾಕೋಕೆ ಎಷ್ಟೋ ಬ್ಯಾಂಕು ಪೋಸ್ಟಲ್ಲಿ ಕೋಡ್ ಕಳ್ಸುತ್ತೆ, ನೀವು ವಿರಾಜಪೇಟೆಲಿ ಇರ್ತೀರಿ, ಕೋಡ್ ನೀವು ಬಿಟ್ಟ ರೂಮಿನ ಡಬ್ಬಿಲಿ ಇರುತ್ತೆ. ಸಿಮ್ ತಿಂಗಳ ಪ್ಲಾನ್ ಆಗಿದ್ರೆ ಸಣ್ಣ ಪ್ರೀಪೇಯ್ಡ್‌ಗೆ ಬದಲಾಯಿಸಿ, ರೋಮಿಂಗ್ ಅಲ್ಲಿ ಇರುವಾಗ್ಲೇ ಆನ್ ಮಾಡ್ಸಿ. ಇಲ್ಲಿ ಮಳೇಲಿ ಕರೆಂಟು ಹೋದ್ರೆ ಟವರೂ ಹೋಗುತ್ತೆ, ನಮ್ಮನೇಲಿ ಸಿಗ್ನಲ್ ಸಿಗೋದು ಕಾಫಿ ಕಣದ ಒಂದು ಮೂಲೇಲಿ ಮಾತ್ರ, ಅಲ್ಲಿ ಕೊಡೆ ಹಿಡ್ಕೊಂಡು ನಿಂತು ಜರ್ಮನ್ ಬ್ಯಾಂಕಿನ ಓಟಿಪಿ ತಗೊಂಡಿದೀನಿ ನಾನು.

ಡೆಪಾಸಿಟ್ ಬರೋಕೆ ತಿಂಗಳುಗಟ್ಲೆ ಆಗುತ್ತೆ, ಓನರ್ ಕರೆಂಟು, ಹೀಟಿಂಗ್ ಲೆಕ್ಕ ಮುಗಿಸ್ಬೇಕಲ್ಲ. ತಿಂಗಳಿಗೊಂದು ಮೇಲ್ ಹಾಕ್ತಾ ಇರಿ, ಹ್ಯಾಂಡೋವರ್ ಕಾಗದದ ಫೋಟೋ ಪ್ರತೀ ಸಲ ಅಂಟಿಸಿ. ದುಡ್ಡು ಬಂದ ಮೇಲೆ ಇಲ್ಲಿಗೆ ಟ್ರಾನ್ಸ್‌ಫರ್ ಮಾಡಿ, ಅದು ನಿಮ್ಮ ಪಾಸ್‌ಬುಕ್‌ನಲ್ಲಿ ಕಂಡ ಮೇಲೆ ಅಲ್ಲಿನ ಅಕೌಂಟ್ ಮುಚ್ಚಿ, ಮುಚ್ಚಿದ್ವಿ ಅಂತ ಬ್ಯಾಂಕಿನ ಪತ್ರ ಬಂದ ಮೇಲೆ ಸಿಮ್ ತೆಗೀರಿ.